ಆಸ್ಟಿಯೋಪತಿ ಅಂದರೆ ಮೂಳೆ ಕೂರಿಸುವುದೇ?

‘ಆಸ್ಟಿಯೋಪತಿ ಅಂದರೆ ಮೂಳೆ ಕೂರಿಸೋದಾ? ಅದರ ತತ್ವವೇನು?’ ಅಂತ ಕೇಳಿದ್ದೀರಿ. ನಾನು ವೈದ್ಯನಲ್ಲ. ಲಂಡನ್ನಿನಲ್ಲಿ ಸೊಂಟನೋವಿಗೆ ಆರು ಸಲ ಕೈಯಿಂದ ಮಾಡುವ ಈ ಚಿಕಿತ್ಸೆ ಮಾಡಿಸಿಕೊಂಡು, ಆಮೇಲೆ ಇದರ ಬಗ್ಗೆ ಓದಿಕೊಂಡವನು.

ಗ್ರೀಕ್ ಭಾಷೆಯಲ್ಲಿ ಆಸ್ಟಿಯಾನ್ ಎಂದರೆ ಮೂಳೆ, ಪಾಥೋಸ್ ಎಂದರೆ ಬಾಧೆ. ಹಾಗಾಗಿ ಹೆಸರು ಕೇಳಿದವರಿಗೆ ಮೂಳೆ ಕೂರಿಸುವವರೇ ನೆನಪಾಗುತ್ತಾರೆ. ಆದರೆ ಇದನ್ನು ಶುರುಮಾಡಿದ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಅವರಿಗೆ ಮೂಳೆ ಒಂದು ಹಿಡಿಕೆಯಿದ್ದಂತೆ. ಅದನ್ನು ಹಿಡಿದು ಅವರು ಸರಾಗ ಮಾಡಹೊರಟದ್ದು ರಕ್ತದ ಓಟವನ್ನು, ನರಗಳ ಕೆಲಸವನ್ನು. ಹುಡುಗನಾಗಿದ್ದಾಗ ಒಮ್ಮೆ ಅವರಿಗೆ ವಿಪರೀತ ತಲೆನೋವು. ಎರಡು ಮರಗಳ ನಡುವೆ ನೆಲಕ್ಕೆ ಹತ್ತಿರವಾಗಿ ಹಗ್ಗ ಕಟ್ಟಿ, ಮೇಲೆ ಕಂಬಳಿ ಹಾಸಿ, ಕತ್ತು ಅದಕ್ಕೆ ಒರಗಿಸಿ ಮಲಗಿದರಂತೆ. ಎದ್ದಾಗ ನೋವಿರಲಿಲ್ಲ.

ಮುಂದೆ ಅವರು ವೈದ್ಯರಾದರು. 1864ರಲ್ಲಿ ಮೆನಿಂಜೈಟಿಸ್ (ಮಿದುಳು, ಬೆನ್ನುಹುರಿಯ ಪೊರೆಯ ಉರಿಯೂತ) ಅವರ ಮೂರು ಮಕ್ಕಳನ್ನು ಕೊಂಡೊಯ್ದಿತು. ಪಾದರಸ, ಅಫೀಮು ಕೊಡುತ್ತಿದ್ದ ಆ ಕಾಲದ ಔಷಧಿಯ ಮೇಲೆ ಅವರಿಗೆ ನಂಬಿಕೆಯೇ ಹೊರಟುಹೋಯಿತು. ಹೊಸ ಪದ್ಧತಿಯನ್ನು 1874ರಲ್ಲಿ ಸಾರಿದರು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು.

ತತ್ವ ಇಷ್ಟು: ದೇಹವೆಲ್ಲ ಒಂದೇ, ರಚನೆ ಕೆಟ್ಟರೆ ಕೆಲಸ ಕೆಡುತ್ತದೆ, ವಾಸಿಮಾಡಿಕೊಳ್ಳುವ ಶಕ್ತಿ ದೇಹದಲ್ಲೇ ಇದೆ. ಕಾಲುವೆಯ ಕಸ ತೆಗೆದುಬಿಟ್ಟರೆ ನೀರನ್ನು ಯಾರೂ ತಳ್ಳಬೇಕಾಗಿಲ್ಲವಲ್ಲ, ಹಾಗೆ.

ನನಗೆ ಇದು ಅರ್ಥವಾದದ್ದು ಮೇಜಿನ ಮೇಲೆ ಮಲಗಿದಾಗ. ನೋವಿದ್ದದ್ದು ಎಡಸೊಂಟದಲ್ಲಿ. ಚಿಕಿತ್ಸೆ ಮಾಡುತ್ತಿದ್ದಾಕೆ ಮೊದಲು ಹಿಡಿದು ನೋಡಿದ್ದು ಬಲಪಾದದ ಕೀಲು. ‘ಯಾವಾಗಲಾದರೂ ಉಳುಕಿತ್ತಾ?’ ಅಂದರು. ಕಾಲೇಜಿನಲ್ಲಿ ವಾಲಿಬಾಲ್ ಆಡುವಾಗ ಉಳುಕಿದ್ದು ನನಗೇ ಮರೆತುಹೋಗಿತ್ತು. ಆಮೇಲೆ ಕೊನೆಯ ಪಕ್ಕೆಲುಬುಗಳ ಮೇಲೆ ಎರಡೂ ಅಂಗೈ ಇಟ್ಟು ಉಸಿರೆಳೆಯಲು ಹೇಳಿದರು. ಬಲಗಡೆ ಎದ್ದಷ್ಟು ಎಡಗಡೆ ಏಳುತ್ತಿಲ್ಲವೆಂದು ನನಗೇ ಗೊತ್ತಾಯಿತು. ಇಪ್ಪತ್ತು ನಿಮಿಷ ಅಲ್ಲೇ ಮೆಲ್ಲಗೆ ಕೆಲಸ ಮಾಡಿದರು. ಒಂದು ಸಲವೂ ಲಟಕ್ಕೆನ್ನಿಸಲಿಲ್ಲ.

ಹಾಗಂತ ಸ್ಟಿಲ್ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಸೋಂಕುರೋಗಕ್ಕೆ ಕೈಚಿಕಿತ್ಸೆ ಸಾಲದು. ತಲೆಬುರುಡೆಯ ಮೂಳೆಗಳನ್ನು ಮೃದುವಾಗಿ ಒತ್ತುವ ಕ್ರೇನಿಯಲ್ ಶಾಖೆಗೂ ಗಟ್ಟಿ ಪುರಾವೆಯಿಲ್ಲ. ಸೊಂಟನೋವಿಗೆ ಒಂದಿಷ್ಟು ಆಧಾರವಿದೆ. ಇನ್ನೊಂದು, ಅಮೆರಿಕದಲ್ಲಿ ಇದನ್ನು ಓದಿದವರು ಔಷಧಿ ಬರೆಯುವ, ಶಸ್ತ್ರಚಿಕಿತ್ಸೆಯನ್ನೂ ಮಾಡಬಲ್ಲ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ 1993ರ ಕಾಯ್ದೆಯಡಿ ನೋಂದಾಯಿತರಾದ ಕೈಚಿಕಿತ್ಸಕರು. ಹೋಗುವ ಮೊದಲು ಅವರ ಓದು, ನೋಂದಣಿ ವಿಚಾರಿಸಿ. ಕಾಲಿನ ಬಲ ಕುಗ್ಗುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಇವರ ಬಳಿ ಹೋಗಬೇಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ.