ಡಿ-ಅಮೈನೋ ಆಮ್ಲಗಳನ್ನು ದೇಹ ಹೇಗೆ ವಿಲೇವಾರಿ ಮಾಡುತ್ತದೆ?

ಅಘನಾಶಿನಿ ಅಳಿವೆಯ ಬೆಳಚು (ಚಿಪ್ಪುಮೀನು) ತಿಂದಾಗ ಹೊಟ್ಟೆಗೆ ಹೋಗುವ ಡಿ-ಅಲನೈನ್ ಎಂಬ ಅಮೈನೋ ಆಮ್ಲ ಏನಾಗುತ್ತದೆ ಎಂದು ಕುಮಟಾದವರೊಬ್ಬರು ಕೇಳಿದ್ದಾರೆ. ನಮ್ಮ ಪ್ರೋಟೀನುಗಳು ಅಮೈನೋ ಆಮ್ಲಗಳ ಎಲ್-ರೂಪದಿಂದ ಕಟ್ಟಲ್ಪಡುವುದರಿಂದ, ಅದರ ಕನ್ನಡಿ ಪ್ರತಿಬಿಂಬವಾದ ಡಿ-ರೂಪಕ್ಕೆ ಬೇರೆಯೇ ದಾರಿ ಬೇಕು. ಮುಖ್ಯವಾಗಿ ಮೂತ್ರಪಿಂಡ ಮತ್ತು ಯಕೃತ್ತಿನಲ್ಲಿರುವ, 1935ರಲ್ಲಿ ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ ಗುರುತಿಸಿದ ಡಿ-ಅಮೈನೋ ಆಮ್ಲ ಆಕ್ಸಿಡೇಸ್ ಎಂಬ ಕಿಣ್ವವು ಆಮ್ಲಜನಕವನ್ನು ಬಳಸಿ ಡಿ-ಅಲನೈನನ್ನು ಪೈರುವೇಟ್, ಅಮೋನಿಯಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಪೈರುವೇಟ್ ಶಕ್ತಿಯ ಉತ್ಪಾದನೆಗೂ ಅಮೋನಿಯಾ ಯೂರಿಯಾ ಆಗಿ ಮೂತ್ರಕ್ಕೂ ಸೇರಿದರೆ, ಅಪಾಯಕಾರಿಯಾದ ಪೆರಾಕ್ಸೈಡನ್ನು ಪಕ್ಕದಲ್ಲೇ ಇರುವ ಕ್ಯಾಟಲೇಸ್ ಕಿಣ್ವವು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಡಿ-ಆಸ್ಪಾರ್ಟೇಟ್ ಎಂಬ ಇನ್ನೊಂದು ಡಿ-ಅಮೈನೋ ಆಮ್ಲಕ್ಕೆ ಪ್ರತ್ಯೇಕ ಕಿಣ್ವವಿದೆ. ಆದರೆ ಡಿ-ರೂಪವೆಲ್ಲ ಕಸವೆಂದು ತಿಳಿಯಬಾರದು: ನನಗೆ ಅತ್ಯಂತ ವಿಸ್ಮಯವೆನಿಸುವ ಸಂಗತಿಯೆಂದರೆ, ಮಿದುಳು ಎಲ್-ಸೆರೀನ್ ಎಂಬ ಅಮೈನೋ ಆಮ್ಲದಿಂದ ಡಿ-ಸೆರೀನನ್ನು ತಾನೇ ತಯಾರಿಸಿ, ಕಲಿಕೆಗೂ ನೆನಪಿಗೂ ಬೇಕಾದ ಎನ್‌ಎಂಡಿಎ ಗ್ರಾಹಕಗಳನ್ನು (ನರಕೋಶಗಳ ಮೇಲೆ ಸಂಕೇತ ಸ್ವೀಕರಿಸುವ ಪ್ರೋಟೀನುಗಳನ್ನು) ಸಕ್ರಿಯಗೊಳಿಸಲು ಬಳಸಿಕೊಳ್ಳುತ್ತದೆ.