ಹಳೆಯ ಹಾಡಿನ ತುಣುಕು: ಎಲ್ಲಿ ಹುಡುಕಬೇಕು, ಹೇಗೆ ಕತ್ತರಿಸಬೇಕು, ಯಾರನ್ನು ಕೇಳಬೇಕು

ಎಪ್ಪತ್ತರ ದಶಕದ ಚಿತ್ರಗೀತೆಯೊಂದರ ಪಲ್ಲವಿಯನ್ನು ಲೂಪ್ ಮಾಡಿ (ಮತ್ತೆ ಮತ್ತೆ ಬರುವಂತೆ ಜೋಡಿಸಿ) ಅದರ ಮೇಲೆ ರ‍್ಯಾಪ್ ಹಾಡಿದ್ದೀರಿ. ಅದು ಏಕೆ ಸಪ್ಪೆಯಾಗಿದೆ, ಹಿಪ್ ಹಾಪ್ ಕಲಾವಿದರು ಇದನ್ನು ಹೇಗೆ ಮಾಡುತ್ತಾರೆ, ಅನುಮತಿ ಬೇಕೇ ಎಂದು ಕೇಳಿದ್ದೀರಿ. ನನ್ನ ಮೊದಲ ಸಲಹೆ, ಪಲ್ಲವಿಯನ್ನು ಬಿಡಿ. ಎಲ್ಲರಿಗೂ ಬಾಯಿಪಾಠವಾಗಿರುವ ಸಾಲನ್ನು ಎತ್ತಿಕೊಂಡರೆ ಕೇಳುಗರ ಮನಸ್ಸು ಮೂಲ ಹಾಡಿನ ಬೆನ್ನು ಹತ್ತುತ್ತದೆ, ನಿಮ್ಮ ಮಾತು ಕಿವಿಗೇ ಬೀಳುವುದಿಲ್ಲ.

ಹುಡುಕಬೇಕಾದದ್ದು ಗಾಯಕರು ಸುಮ್ಮನಾಗಿ ವಾದ್ಯಗಳು ಮಾತ್ರ ಉಳಿಯುವ ಜಾಗ. ತುಣುಕು ಎತ್ತಿ ಹೊಸ ಹಾಡು ಕಟ್ಟುವ ಈ ಕಲೆ (ಸ್ಯಾಂಪ್ಲಿಂಗ್) ಹುಟ್ಟಿದ್ದೇ ಅಲ್ಲಿ. 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದು ಸಂಗತಿ ಗಮನಿಸಿದರು: ಡ್ರಮ್ ಒಂಟಿಯಾಗಿ ನುಡಿಯುವ ಆ ಕೆಲವು ಕ್ಷಣಗಳಿಗಾಗಿಯೇ ಕುಣಿಯುವವರು ಕಾಯುತ್ತಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರುಮಾಡಿ ಅದನ್ನು ಬೇಕಾದಷ್ಟು ಹೊತ್ತು ಹಿಗ್ಗಿಸಿದರು.

ಆಮೇಲೆ ಧ್ವನಿಯ ತುಣುಕುಗಳನ್ನು ತುಂಬಿಕೊಂಡು ನುಡಿಸುವ ಯಂತ್ರಗಳು ಬಂದವು. 1987ರ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಸುಮಾರು 10 ಸೆಕೆಂಡು ಧ್ವನಿಗಷ್ಟೇ ಜಾಗವಿತ್ತು. ಹಾಗಾಗಿ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಕಡಿಮೆ ಹೊತ್ತಿನಲ್ಲಿ ತುಂಬಿಕೊಂಡು, ಒಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. ಆ ಕಾಲದ ನ್ಯೂಯಾರ್ಕ್ ಆಲ್ಬಂಗಳ ಒರಟು, ಮಸುಕು ನಾದಕ್ಕೆ ಈ ಉಪಾಯವೂ ಒಂದು ಕಾರಣ.

ಈಗ ನಿಮ್ಮ ಕೆಲಸ. ಮೂಲ ಹಾಡಿನ ವೇಗ ನಿಮಿಷಕ್ಕೆ 76 ಬೀಟ್, ನಿಮಗೆ ಬೇಕಾದದ್ದು 90 ಎನ್ನೋಣ. ರೆಕಾರ್ಡಿನಂತೆ ನೇರವಾಗಿ ವೇಗ ಹೆಚ್ಚಿಸಿದರೆ ಶ್ರುತಿಯೂ ಸುಮಾರು ಮೂರು ಸೆಮಿಟೋನ್, ಅಂದರೆ ಹಾರ್ಮೋನಿಯಂನ ಮೂರು ಮನೆಗಳಷ್ಟು, ಏರುತ್ತದೆ. ಶ್ರುತಿ ಕದಲದಂತೆ ವೇಗ ಬದಲಿಸುವ ಸೌಲಭ್ಯ ಇಂದಿನ ಸಾಫ್ಟ್‌ವೇರ್‌ಗಳಲ್ಲಿದೆ, ಆದರೆ ಏರಲು ಬಿಡಿ ಎನ್ನುತ್ತೇನೆ. ಪಿಟೀಲಿನ ಬಣ್ಣವೇ ಬದಲಾಗಿ ಅದು ಹೊಸ ವಾದ್ಯವಾಗುತ್ತದೆ. ನಂತರ ಪ್ರತಿ ಪೆಟ್ಟು ಬೀಳುವಲ್ಲಿ ಕತ್ತರಿಸಿ, ಎಂಟು ಚೂರು ಮಾಡಿ ಪ್ಯಾಡುಗಳಿಗೆ (ಒತ್ತಿದರೆ ನುಡಿಯುವ ಗುಂಡಿಗಳಿಗೆ) ಹಂಚಿ, ಬೇರೆ ಕ್ರಮದಲ್ಲಿ ಬೆರಳಿನಿಂದ ನುಡಿಸಿ ನೋಡಿ. ತೆರೆಯ ಮೇಲೆ ಕಾಣುವ ಧ್ವನಿಯ ಅಲೆಯು ಶೂನ್ಯದ ಗೆರೆಯನ್ನು ದಾಟುವ ಬಿಂದುವಿನಲ್ಲೇ ಕತ್ತರಿ ಬೀಳಲಿ, ಇಲ್ಲದಿದ್ದರೆ ಪ್ರತಿ ಸುತ್ತಿಗೂ ‘ಟಿಕ್’ ಎಂಬ ಸದ್ದು ಕಾಡುತ್ತದೆ. ತುಣುಕಿನಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ನಾದವನ್ನು ತಗ್ಗಿಸಿ, ಆ ಮಂದ್ರ ಭಾಗವನ್ನು (ಬೇಸ್) ನೀವೇ ನುಡಿಸಿ.

ಅನುಮತಿ ಖಂಡಿತ ಬೇಕು. ಕೆಲವೇ ಸೆಕೆಂಡಾದರೆ ಪರವಾಗಿಲ್ಲ ಎಂಬ ಮಾತನ್ನು ನಂಬಬೇಡಿ, ನಮ್ಮ ಕಾನೂನಿನಲ್ಲಿ ಅಂಥ ವಿನಾಯಿತಿ ಇಲ್ಲ. ಹಕ್ಕುಗಳು ಎರಡು: ಧ್ವನಿಮುದ್ರಣದ್ದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಬಳಿ ಇರುತ್ತದೆ, ಸ್ವರ ಸಂಯೋಜನೆಯದು ಬೇರೆ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1970ರ ಹಾಡಿಗೇ 2030ರ ಕೊನೆಯವರೆಗೆ ಎಂದಾಯಿತು. ಸಂಯೋಜನೆಯ ಹಕ್ಕು ಸಂಯೋಜಕರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಅಮೆರಿಕದಲ್ಲಿ 2002ರಲ್ಲಿ ಗಾಯಕಿ ಟ್ರೂತ್ ಹರ್ಟ್ಸ್ ಅವರ ಹಾಡೊಂದರಲ್ಲಿ ಲತಾ ಮಂಗೇಶ್ಕರ್ ಹಾಡಿದ ಹಿಂದಿ ಗೀತೆಯನ್ನು ಅನುಮತಿ ಕೇಳದೆ ಬಳಸಿದ್ದರು. ಅದರ ಸಂಗೀತಗಾರ ಬಪ್ಪಿ ಲಾಹಿರಿಯವರ ಹೆಸರು ಹಾಕದೆ ಆಲ್ಬಂ ಮಾರಬಾರದೆಂದು 2003ರಲ್ಲಿ ಲಾಸ್ ಏಂಜಲೀಸ್ ನ್ಯಾಯಾಲಯ ಆದೇಶಿಸಿತು. ಕಂಪನಿ ಒಪ್ಪದಿದ್ದರೆ ಅದೇ ಸ್ವರಗಳನ್ನು ವಾದ್ಯಗಾರರಿಂದ ಹೊಸದಾಗಿ ನುಡಿಸಿ. ಆಗ ಸಂಯೋಜನೆಯ ಅನುಮತಿಯೊಂದೇ ಸಾಕು. ಅಮೆರಿಕದ ಹಿಪ್ ಹಾಪ್ ನಿರ್ಮಾಪಕ ಡಾ. ಡ್ರೆ ಈ ದಾರಿಯನ್ನು ಬಹಳ ಬಳಸಿದರು.

ಅನುಮತಿಯ ಕಾಗದದಲ್ಲಿ ವಾದ್ಯಗಾರರ ಹೆಸರು ಬರುವುದೇ ಇಲ್ಲ, ನನಗೆ ನೋವಾಗುವುದು ಅಲ್ಲಿ. ದಿ ವಿನ್‌ಸ್ಟನ್ಸ್ ತಂಡದ 1969ರ ‘ಅಮೆನ್, ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ಆರೇಳು ಸೆಕೆಂಡಿನ ಡ್ರಮ್ ಸಾವಿರಾರು ಹಾಡುಗಳಲ್ಲಿದೆ. ಅವರಿಗೆ ಅದರಿಂದ ಒಂದು ಕಾಸೂ ಬರಲಿಲ್ಲ, 2006ರಲ್ಲಿ ನೆಲೆಯಿಲ್ಲದ ಸ್ಥಿತಿಯಲ್ಲೇ ತೀರಿಕೊಂಡರು. ನಿಮ್ಮ ತುಣುಕಿನಲ್ಲಿ ತಬಲಾ, ಪಿಟೀಲು ನುಡಿಸಿದವರು ಯಾರೆಂದು ವಿಚಾರಿಸಿ, ಹಾಡಿನ ವಿವರಣೆಯಲ್ಲಿ ಅವರ ಹೆಸರು ಹಾಕಿ.

ಮೂಲ ಹಾಡಿನ ಹೆಸರು ತಿಳಿಸಿ. ಯಾವ ನಿಮಿಷದಲ್ಲಿ ಕತ್ತರಿ ಹಾಕಬಹುದೆಂದು ಕೇಳಿ ನೋಡಿ ಹೇಳುತ್ತೇನೆ.