ಇ46 ಬಿಸಿಯಾಗುತ್ತಿದ್ದರೆ ಮೊದಲು ರೇಡಿಯೇಟರ್ ಮುಂದಿನ ಧೂಳು ನೋಡಿ

ಹೈವೇಯಲ್ಲಿ ಸರಿಯಿದ್ದು, ಸಂಡೂರಿನ ಮಣ್ಣಿನ ಟ್ರ್ಯಾಕಿನಲ್ಲಿ ಮೂರನೇ ಸುತ್ತಿಗೇ ನಿಮ್ಮ ಬಿಎಂಡಬ್ಲ್ಯೂ ಇ46 (ಹಳೇ 3 ಸೀರೀಸ್ ಕಾರು) ಬಿಸಿಯಾಗುತ್ತಿದೆ ಎಂದರೆ, ಬಹುಶಃ ರೇಡಿಯೇಟರಿಗೆ ಗಾಳಿ ಹಾಯುತ್ತಿಲ್ಲ. ರೇಡಿಯೇಟರಿನ ಮುಂದೆ ಇರುವ ಎಸಿ ಕಂಡೆನ್ಸರ್‌ಗೂ (ಎಸಿಯ ಬಿಸಿ ಹೊರಹಾಕುವ ಜಾಲರಿ) ರೇಡಿಯೇಟರಿಗೂ ನಡುವೆ ಕೆಂಪು ಅದಿರಿನ ಧೂಳು ಕೂತಿರಬೇಕು. ನನ್ನ ಕಾರಿನಲ್ಲೂ ಇದೇ ಆಗಿತ್ತು. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಜಾಸ್ತಿ ಪ್ರೆಶರ್ ಬೇಡ, ಫಿನ್‌ಗಳು (ರೇಡಿಯೇಟರಿನ ತೆಳು ಲೋಹದ ಪಟ್ಟಿಗಳು) ಬಗ್ಗುತ್ತವೆ. ಆಗಲೇ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ (ಕೂಲೆಂಟ್ ತುಂಬುವ ಡಬ್ಬಿ) ಕೂಡ ನೋಡಿ. ಹಳೇ ಪ್ಲಾಸ್ಟಿಕ್, ಬಿರುಕು ಬಿಡುತ್ತದೆ. ಮತ್ತೆ ಕೂಲೆಂಟ್ ತುಂಬುವಾಗ ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಕಡಿಮೆಗೆ ಇಡಿ. ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ಸ್ಕ್ರೂ) ತೆಗೆದು, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಸುರಿಯಿರಿ. ಸುಮ್ನೆ ನೀರು ಹಾಕಿ ಓಡಿಸಬೇಡಿ.

ಇದೊಂದು ದಯವಿಟ್ಟು ನೆನಪಿಡಿ: ಈ ಕಾರಿನ ಟೆಂಪರೇಚರ್ ಮುಳ್ಳು ಸುಮಾರು 75ರಿಂದ 110 ಡಿಗ್ರಿವರೆಗೂ ಮೀಟರಿನ ಮಧ್ಯದಲ್ಲೇ ನಿಂತಿರುತ್ತದೆ. ಅದು ಅಲ್ಲಿಂದ ಬಿಸಿ ಕಡೆಗೆ ಅಲುಗಿತು ಎಂದರೆ ಆಗಲೇ ತಡವಾಗಿದೆ. ತಕ್ಷಣ ನಿಲ್ಲಿಸಿ ಆಫ್ ಮಾಡಿ.

ಇಷ್ಟಾದ ಮೇಲೂ ಬಿಸಿಯಾದರೆ ಫ್ಯಾನ್ ಇರಬಹುದು, ವಾಟರ್ ಪಂಪ್ ಇರಬಹುದು, ನೋಡದೆ ಹೇಳುವುದು ಕಷ್ಟ. ಎಸಿ ಹಾಕಿ, ಎಲೆಕ್ಟ್ರಿಕ್ ಫ್ಯಾನ್ ತಿರುಗುತ್ತದೆಯೇ ಎಂದು ಮೊದಲು ನೋಡಿ.